ಒಂದೇ ಚೀಲ, ಹಿಡಿಗೊಂದು ಗೊಬ್ಬರ

ಕಣದಲ್ಲಿ ರಾಗಿ ರಾಶಿ ಹಾಕುವುದನ್ನು ನೋಡಿದವರಿಗೆ ಗೊತ್ತು. ಸುರಿದ ಕಾಳು ನಡುವೆ ಗುಡ್ಡೆಯಾಗಿ ನಿಲ್ಲುತ್ತದೆ, ಹೆಂಟೆ, ಕಲ್ಲು ಉರುಳಿ ಅಂಚು ಸೇರುತ್ತವೆ. ಯಾರೂ ಕೈಯಾರೆ ಬೇರ್ಪಡಿಸಿಲ್ಲ, ಸುರಿದದ್ದಷ್ಟೇ. ಹರಳು ಗೊಬ್ಬರಗಳನ್ನು ಬೆರೆಸಿ ಮಿಶ್ರಣ ಮಾಡುವವರನ್ನು ಹಲವು ದಶಕಗಳಿಂದ ಕಾಡುತ್ತಿರುವುದೂ ಇದೇ.

ಕಾಂಪ್ಲೆಕ್ಸ್ ಗೊಬ್ಬರದಲ್ಲಿ ಪ್ರತಿ ಹರಳಿನೊಳಗೂ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇರುತ್ತವೆ. ಬರಿದೇ ಬೆರೆಸಿದ ಮಿಶ್ರಣದಲ್ಲಿ ಹಾಗಲ್ಲ: ಯೂರಿಯಾದ ಹರಳು ಯೂರಿಯಾ, ಅಂದರೆ ಬರೀ ಸಾರಜನಕ; ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಹರಳು ಡಿಎಪಿ, ಅಂದರೆ ರಂಜಕ, ಜೊತೆಗೆ ಸ್ವಲ್ಪ ಸಾರಜನಕ. ಅಕ್ಕಪಕ್ಕ ಇದ್ದಷ್ಟು ಹೊತ್ತು ಮಾತ್ರ ಅದು ಮಿಶ್ರಣ.

ಈ ಪದ್ಧತಿ ಬೆಳೆದದ್ದು ಅಮೆರಿಕದ ಇಲಿನಾಯ್ಸ್ ಸುತ್ತಲಿನ ಮೆಕ್ಕೆಜೋಳದ ಸೀಮೆಯಲ್ಲಿ, 1950ರ ದಶಕದಲ್ಲಿ. ರೈಲಿನಲ್ಲಿ ಬಂದ ಗೊಬ್ಬರವನ್ನು ಊರ ಪಕ್ಕದ ಗೋದಾಮಿನಲ್ಲಿ ಇಳಿಸಿ, ರೈತನ ಮಣ್ಣಿನ ಪರೀಕ್ಷೆ ನೋಡಿ, ತಿರುಗುವ ಡ್ರಮ್ಮಿನಲ್ಲಿ ಕಲಸಿ, ಚೀಲಕ್ಕೂ ತುಂಬದೆ ನೇರ ಹೊಲಕ್ಕೆ ಒಯ್ಯುತ್ತಿದ್ದರು. ಖರ್ಚು ಕಡಿಮೆ, ಹೊಲಕ್ಕೆ ತಕ್ಕ ಗೊಬ್ಬರ. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿದ್ದ ಟೆನೆಸ್ಸೀ ವ್ಯಾಲಿ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆಯ ಗೊಬ್ಬರ ಸಂಶೋಧನಾ ಕೇಂದ್ರ ಹರಳು ಡಿಎಪಿ ತಯಾರಿಸುವ ವಿಧಾನ ರೂಪಿಸಿದ ಮೇಲಂತೂ ಇಂಥ ಘಟಕಗಳು ಸಾವಿರಗಟ್ಟಲೆ ಹುಟ್ಟಿಕೊಂಡವು.

ಆದರೆ ಮಾದರಿ ತೆಗೆದು ಪರೀಕ್ಷಿಸಿದರೆ ಹೇಳಿದ ಪ್ರಮಾಣ ಸಿಗುತ್ತಿರಲಿಲ್ಲ. ಸರಿಯಾಗಿ ಕಲಸಿಲ್ಲ ಎಂದೋ, ಭಾರದ ಹರಳು ತಳ ಸೇರಿತು ಎಂದೋ ಯಾರಿಗಾದರೂ ಅನಿಸುವುದು ಸಹಜ. ಅದೇ ಮಸಲ್ ಶೋಲ್ಸ್‌ನವರು 1964ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಹರಳಿನ ಸಾಂದ್ರತೆ, ಆಕಾರ ಇವುಗಳ ಪಾತ್ರ ಅಲ್ಪ. ಮಿಶ್ರಣವನ್ನು ಒಡೆಯುವುದು ಹರಳಿನ ಗಾತ್ರದ ವ್ಯತ್ಯಾಸ. ಸುರಿದಾಗ ದಪ್ಪನೆಯದು ಉರುಳಿ ಅಂಚಿಗೆ ಹೋಗುತ್ತದೆ, ಸಣ್ಣದು ಸಂದಿಯಲ್ಲಿ ಜಾರಿ ನಡುವೆ ಉಳಿಯುತ್ತದೆ. ಲಾರಿ ಕುಲುಕಿದಂತೆ ಪುಡಿ ತಳಕ್ಕಿಳಿಯುತ್ತದೆ. ತಿರುಗುವ ತಟ್ಟೆಯ ಯಂತ್ರದಿಂದ ಎರಚಿದರೆ ದಪ್ಪ ಹರಳು ದೂರ, ಸಣ್ಣದು ಹತ್ತಿರ ಬೀಳುತ್ತದೆ. ಚೆನ್ನಾಗಿ ಕಲಸಿದರಷ್ಟೇ ಸಾಲದು. ಕಲಸುವ ಮೊದಲೇ ಗಾತ್ರ ಹೊಂದಬೇಕು. ಇಡೀ ವಿಷಯದ ತಿರುಳು ಇದೇ ಎಂದು ನನ್ನ ನಂಬಿಕೆ.

ಹಾಗಾಗಿ ಪೊಟ್ಯಾಷ್ ಪುಡಿಯನ್ನು ಒತ್ತಿ, ಒಡೆದು, ಜರಡಿ ಹಿಡಿದು ದಪ್ಪ ಹರಳು ಮಾಡುವುದು ರೂಢಿಗೆ ಬಂತು. 1980ರ ದಶಕದಲ್ಲಿ ಕೆನಡಾದ ಗೊಬ್ಬರ ಉದ್ಯಮ ಇದಕ್ಕೊಂದು ಸರಳ ಅಳತೆ ಕೊಟ್ಟಿತು: ಎಸ್‌ಜಿಎನ್, ಅಂದರೆ ಸೈಜ್ ಗೈಡ್ ನಂಬರ್. ಜರಡಿ ಹಿಡಿದು ನಡುಗಾತ್ರವನ್ನು ಮಿಲಿಮೀಟರಿನಲ್ಲಿ ಕಂಡುಹಿಡಿದು ನೂರರಿಂದ ಗುಣಿಸುವುದು. ಎಸ್‌ಜಿಎನ್ 280 ಎಂದರೆ ತೂಕದಲ್ಲಿ ಅರ್ಧ 2.8 ಮಿ.ಮೀ.ಗಿಂತ ದಪ್ಪ, ಅರ್ಧ ಸಣ್ಣ. ಬೆರೆಸುವ ಗೊಬ್ಬರಗಳ ಈ ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಮಿಶ್ರಣ ನಿಲ್ಲುತ್ತದೆ.

ನಮ್ಮಲ್ಲಿ ಕಾಂಪ್ಲೆಕ್ಸ್‌ಗೇ ಒಲವು ಹೆಚ್ಚು. ಬೆಳೆ, ಮಣ್ಣಿಗೆ ತಕ್ಕ ಕಸ್ಟಮೈಸ್ಡ್ ಗೊಬ್ಬರಕ್ಕೆ ಕೇಂದ್ರ ಮಾರ್ಗಸೂಚಿ ಬಂದದ್ದು 2008ರಲ್ಲಿ. ಆದರೆ ನಿಜವಾಗಿ ಬೆರೆಸುವ ಕೆಲಸ ನಡೆಯುವುದು ರೈತನ ಬದುವಿನ ಮೇಲೆ, ಟಾರ್ಪಾಲಿನಲ್ಲಿ. ಲೆಕ್ಕವೇನೋ ಸುಲಭ. 17:17:17ಕ್ಕೆ (ಮೂರೂ ತಲಾ ಶೇ. 17) ಸಮನಾದ ನೂರು ಕಿಲೋ ಬೇಕೆಂದರೆ ಡಿಎಪಿ ಸುಮಾರು 37 ಕಿಲೋ, ಯೂರಿಯಾ 22.5, ಪೊಟ್ಯಾಷ್ 28.3, ಉಳಿದ 12 ಕಿಲೋ ಭರ್ತಿ ವಸ್ತು. ಘಟಕದಲ್ಲಾದರೆ ಆ ಭರ್ತಿ ವಸ್ತುವೂ ಅದೇ ಗಾತ್ರದ ಹರಳಾಗಿರಬೇಕು, ಮರಳು ಸುರಿದರೆ ಮತ್ತೆ ಹಳೇ ಕಥೆ. ಗಾತ್ರ ಹೊಂದಿಸುವುದೇ ಕಷ್ಟ: ಸರ್ಕಾರದ ಮಾನದಂಡದಲ್ಲೇ ಡಿಎಪಿ ಬಹುಪಾಲು 1ರಿಂದ 4 ಮಿ.ಮೀ., ಸಾದಾ ಯೂರಿಯಾ 1ರಿಂದ 2.8 ಮಿ.ಮೀ. ಕೆಂಪು ಪೊಟ್ಯಾಷ್ ಅಂತೂ ಎಷ್ಟೋ ಸಲ ಉಪ್ಪಿನ ಪುಡಿಯಂತೆಯೇ ಬರುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಕಾಟ. 30 ಡಿಗ್ರಿಯಲ್ಲಿ ಯೂರಿಯಾ ಒಂದೇ ಇದ್ದರೆ ಗಾಳಿಯ ತೇವ ಶೇ. 70 ದಾಟುವವರೆಗೂ ನೀರು ಹೀರುವುದಿಲ್ಲ; ಪೊಟ್ಯಾಷ್ ಜೊತೆ ಸೇರಿತೋ, ಶೇ. 60ಕ್ಕೇ ಶುರು. ಅಮೋನಿಯಂ ನೈಟ್ರೇಟ್ ಜೊತೆಗಾದರೆ ಶೇ. 18 ಸಾಕು, ಒಣ ಮಿಶ್ರಣದಲ್ಲಿ ಆ ಜೋಡಿಯನ್ನು ಯಾರೂ ಮುಟ್ಟುವುದಿಲ್ಲ. ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟಿನ ಹರಳಿನಲ್ಲಿ ಕಟ್ಟಿಕೊಂಡಿರುವ ನೀರನ್ನು ಯೂರಿಯಾ ಬಿಡಿಸಿಬಿಡುತ್ತದೆ. ಸಂಜೆ ಬೆರೆಸಿಟ್ಟದ್ದು ಬೆಳಿಗ್ಗೆಗೆ ಅಂಟು ಮುದ್ದೆ. ಬೋರಾನ್, ಸತುವಿನಂಥವು ಎಕರೆಗೆ ಬೇಕಾದದ್ದೇ ಸ್ವಲ್ಪ. ಹಾಗಾಗಿ ಬಲ್ಲ ಘಟಕಗಳು ಅವನ್ನು ಪುಡಿ ಮಾಡಿ, ಎಣ್ಣೆಯ ಅಂಟಿನಿಂದ ಉಳಿದ ಹರಳುಗಳ ಮೈಗೇ ಸವರುತ್ತವೆ. ಬೋರಾನ್ ಒಂದೆಡೆ ಕೂಡಿಬಿದ್ದರೆ ಗಿಡಕ್ಕೆ ವಿಷ.

ನಮ್ಮ ಹೊಲದಲ್ಲೂ ಮೂರನ್ನೂ ಕಲಸಿ ಪುಟ್ಟಿಗೆ ತುಂಬಿಯೇ ಎರಚುತ್ತಿದ್ದೆವು. ಮೊದಲ ಹಿಡಿಗಳಲ್ಲಿ ಕಪ್ಪು ಡಿಎಪಿ ಕಾಳು ಎದ್ದು ಕಾಣುತ್ತಿತ್ತು. ಬದು ಮುಟ್ಟುವ ಹೊತ್ತಿಗೆ ಪುಟ್ಟಿಯ ತಳದಲ್ಲಿ ಕೆಂಪು ಪುಡಿ, ಅಂಗೈಯೆಲ್ಲ ಕೆಂಪು. ಕೊನೆಯ ಸಾಲುಗಳಿಗೆ ಬೀಳುತ್ತಿದ್ದದ್ದು ಹೆಚ್ಚೂಕಮ್ಮಿ ಬರೀ ಪೊಟ್ಯಾಷ್. ಈಗ ಪೊಟ್ಯಾಷನ್ನು ಬೇರೆ ಪುಟ್ಟಿಯಲ್ಲಿ ಇಟ್ಟುಕೊಂಡು, ಹೊಲದಲ್ಲಿ ಎರಡು ಸಲ ನಡೆಯುತ್ತೇವೆ.