ಸವ್ಯಸಾಚಿ: ಸೋಬರ್ಸ್‌ಗೆ ಒಪ್ಪುವ ಪದ, ಸಿಕ್ಕಸಿಕ್ಕವರಿಗಲ್ಲ

ಹದಿನೆಂಟು ಚೆಂಡಿನಲ್ಲಿ ಇಪ್ಪತ್ತೈದು ರನ್ ಹೊಡೆದು, ಎರಡು ಓವರ್ ಎಸೆದು, ಒಂದು ವಿಕೆಟ್ ತೆಗೆದವನಿಗೂ ಮರುದಿನದ ಕ್ರೀಡಾಪುಟ ‘ಸವ್ಯಸಾಚಿ’ ಎಂದು ಪಟ್ಟ ಕಟ್ಟಿಬಿಡುತ್ತದೆ. ಆಲ್‌ರೌಂಡರ್‌ಗೆ ಕನ್ನಡ ಪದ ಬೇಕಾದಾಗಲೆಲ್ಲ ಕೈಗೆ ಸಿಗುವುದು ಇದೊಂದೇ. ಇನ್ನು ಕೆಲವರು ಬರೀ ಎಡಗೈ ಆಟಗಾರ ಎಂಬ ಅರ್ಥದಲ್ಲಿ ಇದನ್ನು ಬಳಸುತ್ತಾರೆ. ಎರಡೂ ತಪ್ಪು, ಆದರೆ ಒಂದೇ ಬಗೆಯ ತಪ್ಪಲ್ಲ. ಎಡಗೈಯವರೂ ಆಲ್‌ರೌಂಡರೂ ಆಗಿದ್ದ ವೆಸ್ಟ್ ಇಂಡೀಸ್‌ನ ಗ್ಯಾರಿ ಸೋಬರ್ಸ್ ಅವರನ್ನು ಮುಂದಿಟ್ಟುಕೊಂಡರೆ ಈ ಎರಡು ಎಳೆಗಳನ್ನೂ ಬಿಡಿಸಬಹುದು.

‘ಸವ್ಯ’ ಎಂದರೆ ಎಡ. ‘ಸಾಚಿ’ ಬಂದದ್ದು ‘ಸಚ್’ ಧಾತುವಿನಿಂದ, ಜೊತೆಗೂಡು ಎಂಬುದು ಅದರ ಅರ್ಥ. ಎಡಗೈಯಿಂದಲೂ ಬಿಲ್ಲು ಸೆಳೆಯಬಲ್ಲವನು ಸವ್ಯಸಾಚಿ. ‘ಎಡಗೈಯಿಂದಲೂ’ ಎಂಬಲ್ಲಿನ ಆ ‘ಊ’ ಬಿಟ್ಟುಹೋದರೆ ಪದವೇ ಕೆಡುತ್ತದೆ. ಗುಡುಗಿದಾಗ ಮಕ್ಕಳಿಗೆ ಹೇಳಿಕೊಡುವ ಅರ್ಜುನನ ಹತ್ತು ಹೆಸರುಗಳಲ್ಲಿ ಇದೂ ಒಂದು. ವಿರಾಟಪರ್ವದಲ್ಲಿ ಉತ್ತರಕುಮಾರನಿಗೆ ಒಂದೊಂದು ಹೆಸರಿನ ಕಾರಣ ಹೇಳುವಾಗ ಅರ್ಜುನ ಇದಕ್ಕೆ ಕೊಡುವ ವಿವರಣೆ ಬಹಳ ಸ್ಪಷ್ಟವಾಗಿದೆ: ಗಾಂಡೀವ ಸೆಳೆಯುವಾಗ ನನ್ನ ಎರಡೂ ಕೈಗಳು ಬಲಗೈಗಳೇ. ಅಂದರೆ ಅವನು ಎಡಚನಲ್ಲ. ಎರಡನೆಯ ಕೈ ಮೊದಲನೆಯದಕ್ಕೆ ಸರಿಸಮವಾಗಿ ನಿಂತವನು.

ಗೊಂದಲಕ್ಕೆ ಇನ್ನೊಂದು ಕಾರಣ ನಮ್ಮ ‘ಅಪಸವ್ಯ’. ವ್ಯವಸ್ಥೆಯ ಅಪಸವ್ಯಗಳು ಎಂದು ಬರೆದು ಬರೆದು ಅದಕ್ಕೆ ತಪ್ಪು, ಅಸಂಬದ್ಧ ಎಂಬ ಅರ್ಥ ಅಂಟಿಕೊಂಡಿದೆ. ಅಪಸವ್ಯ ತಪ್ಪಾದರೆ ಸವ್ಯ ಸರಿ, ಸರಿಯಾದದ್ದು ಬಲ ಎಂದು ತರ್ಕ ಹೂಡಿ, ಸವ್ಯವೆಂದರೆ ಬಲ ಎಂದು ವಾದಿಸುವವರೂ ಇದ್ದಾರೆ. ಜನಿವಾರ ನೋಡಿದರೆ ಸಾಕು. ಅದು ಎಡ ಹೆಗಲ ಮೇಲಿದ್ದರೆ ಸವ್ಯ; ಪಿತೃಕಾರ್ಯದಲ್ಲಿ ಬಲ ಹೆಗಲಿಗೆ ಹಾಕಿಕೊಂಡಾಗ ಅಪಸವ್ಯ. ಬಲಕ್ಕೆ ‘ದಕ್ಷಿಣ’ ಎಂಬ ಪದ ಬೇರೆಯೇ ಇದೆ.

ಅಕ್ಷರಾರ್ಥವನ್ನೇ ಹಿಡಿದು ಹೊರಟರೆ ಕ್ರಿಸ್ ಗೇಲ್ ಸವ್ಯಸಾಚಿ ಆಗಬೇಕು: ಬ್ಯಾಟಿಂಗ್ ಎಡಗೈ, ಆಫ್ ಸ್ಪಿನ್ ಬಲಗೈ. ಆದರೆ 103 ಟೆಸ್ಟ್‌ಗಳಲ್ಲಿ 73 ವಿಕೆಟ್ ಪಡೆದ ಅವರನ್ನು ಬೌಲಿಂಗ್‌ಗಾಗಿ ಯಾರೂ ತಂಡಕ್ಕೆ ಆರಿಸಿರಲಿಲ್ಲ. ಸೋಬರ್ಸ್ ಮಾಡಿದ್ದೆಲ್ಲ ಎಡಗೈಯಲ್ಲೇ. ಹಾಗಿದ್ದೂ ಪದದ ಒಳ ಅರ್ಥ ಕೂಡಿಬರುವುದು ಅವರಿಗೇ.

1936ರ ಜುಲೈ 28ರಂದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಹುಟ್ಟಿದ ಸೋಬರ್ಸ್ 1954ರಲ್ಲಿ ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಆಗ ಅವರಿಗೆ 17 ವರ್ಷ. ಅವರನ್ನು ಆರಿಸಿದ್ದು ಸ್ಪಿನ್ನರ್ ಎಂದು, ಬ್ಯಾಟಿಂಗ್ ಸರದಿ ಒಂಬತ್ತನೆಯದು. ಮೊದಲ ಇನ್ನಿಂಗ್ಸ್‌ನಲ್ಲೇ 75 ರನ್‌ಗೆ 4 ವಿಕೆಟ್ ಪಡೆದರು. ನಾಲ್ಕು ವರ್ಷದ ನಂತರ ಅದೇ ಮೈದಾನದಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 365. ಅದು ಅವರ ಮೊದಲ ಟೆಸ್ಟ್ ಶತಕ! 1994ರಲ್ಲಿ ವೆಸ್ಟ್ ಇಂಡೀಸ್‌ನವರೇ ಆದ ಬ್ರಯನ್ ಲಾರಾ 375 ಹೊಡೆಯುವವರೆಗೂ, ಟೆಸ್ಟ್ ಇನ್ನಿಂಗ್ಸ್ ಒಂದರಲ್ಲಿ ಒಬ್ಬನೇ ಹೊಡೆದ ಅತಿ ಹೆಚ್ಚು ರನ್ನಿನ ಆ ದಾಖಲೆ ಅಲುಗಲಿಲ್ಲ. ಬೌಲಿಂಗ್‌ನಿಂದ ತಂಡದ ಬಾಗಿಲು ತೆರೆದು, ಬ್ಯಾಟಿಂಗ್‌ನಿಂದ ಜಗತ್ತಿನ ದಾಖಲೆ ಮುರಿದರು. ಎರಡನೆಯ ಕೈ ಮೊದಲನೆಯದಕ್ಕೆ ಸಮವಾಯಿತು ಎನ್ನುವುದು ಇದನ್ನೇ. 1968ರಲ್ಲಿ ಸ್ವಾನ್ಸಿಯಲ್ಲಿ ಮಾಲ್ಕಮ್ ನ್ಯಾಶ್ ಅವರ ಒಂದೇ ಓವರಿಗೆ ಆರು ಸಿಕ್ಸರ್ ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಸೋಬರ್ಸ್ ಎಂದರೆ ಅಷ್ಟೇ ಎಂಬಂತೆ ಹೇಳುವುದು ಅನ್ಯಾಯ.

ಅವರ ಬೌಲಿಂಗ್ ಒಂದಲ್ಲ, ಮೂರು. ಹೊಸ ಚೆಂಡಿನಲ್ಲಿ ಮಧ್ಯಮ ವೇಗ: ಬಲಗೈ ಬ್ಯಾಟ್ಸ್‌ಮನ್‌ನತ್ತ ಕೊನೆಗಳಿಗೆಯಲ್ಲಿ ಒಳಕ್ಕೆ ಬಾಗುವ ಸ್ವಿಂಗ್. ಚೆಂಡು ಹಳತಾದ ಮೇಲೆ ಬೆರಳಿನಿಂದ ತಿರುಗಿಸುವ ಎಡಗೈ ಸ್ಪಿನ್: ಅದು ಬಲಗೈಯವನಿಗೆ ಲೆಗ್ ಕಡೆಯಿಂದ ಆಫ್ ಕಡೆಗೆ, ಹೊರಕ್ಕೆ ಹೋಗುತ್ತದೆ. ಮೂರನೆಯದು ಮಣಿಕಟ್ಟಿನ ಸ್ಪಿನ್: ಇದು ಒಳಕ್ಕೆ ಬರುತ್ತದೆ; ಇದರ ಗೂಗ್ಲಿ, ಅಂದರೆ ಹಾಗೆಯೇ ಎಸೆದಂತೆ ತೋರಿ ಎದುರು ದಿಕ್ಕಿಗೆ ತಿರುಗುವ ಚೆಂಡು, ಹೊರಕ್ಕೆ. ಮಣಿಕಟ್ಟಿನ ಸ್ಪಿನ್‌ನಲ್ಲಿ ಅಳತೆ ತಪ್ಪುವುದು ಸುಲಭ, ಓವರಿಗೊಂದು ಗಿಡ್ಡ ಚೆಂಡು ಬಿದ್ದರೂ ರನ್ ಸೋರುತ್ತದೆ. ಹಾಗಾಗಿ ಅದನ್ನು ಎಸೆಯಬಲ್ಲವರು ಬೆರಳಿನ ಸ್ಪಿನ್ ಕೈಬಿಟ್ಟು ಅದೊಂದನ್ನೇ ಸಾಧನೆ ಮಾಡುವುದು ವಾಡಿಕೆ. ಒಬ್ಬರೇ ಮೂರನ್ನೂ ಟೆಸ್ಟ್ ಮಟ್ಟದಲ್ಲಿ ಎಸೆದದ್ದರಿಂದ ಪಿಚ್ ನೋಡಿಕೊಂಡು ವೇಗಿಯನ್ನು ಕೈಬಿಡಬೇಕೋ ಸ್ಪಿನ್ನರನ್ನೋ ಎಂಬ ತಲೆನೋವು ತಂಡಕ್ಕೆ ಎಷ್ಟೋ ಹಗುರವಾಗುತ್ತಿತ್ತು.

ಲೆಕ್ಕವನ್ನೂ ಮುಚ್ಚಿಡಬೇಕಿಲ್ಲ. 93 ಟೆಸ್ಟ್, 57.78ರ ಸರಾಸರಿಯಲ್ಲಿ 8032 ರನ್, 26 ಶತಕ. 34.03ರ ಸರಾಸರಿಯಲ್ಲಿ (ಅಂದರೆ ವಿಕೆಟ್ಟಿಗೆ ಅಷ್ಟು ರನ್ ಕೊಟ್ಟು) 235 ವಿಕೆಟ್, ಜೊತೆಗೆ 109 ಕ್ಯಾಚ್. ವಿಕೆಟ್ಟಿಗೆ ಸುಮಾರು 92 ಚೆಂಡು ಬೇಕಾಯಿತು ಎಂಬುದನ್ನು ನೋಡಿದರೆ, ಬರೀ ಬೌಲರ್ ಆಗಿ ಅವರು ಎದುರಾಳಿಯ ನಿದ್ದೆಗೆಡಿಸುವವರಲ್ಲ. ಆದರೆ ಎಸೆದದ್ದು 21,599 ಚೆಂಡು, ಟೆಸ್ಟಿಗೆ ಹೆಚ್ಚುಕಡಿಮೆ 39 ಓವರ್. ಇದು ಪೂರ್ಣಾವಧಿ ಬೌಲರ್‌ನ ದುಡಿಮೆ, ಜೊತೆಯಾಟ ಮುರಿಯಲು ಕೊಡುವ ಎರಡು ಓವರ್ ಅಲ್ಲ. 1966ರ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ನಾಯಕರಾಗಿ 722 ರನ್, 20 ವಿಕೆಟ್, 10 ಕ್ಯಾಚ್. ಲೀಡ್ಸ್‌ನಲ್ಲಿ 174 ಹೊಡೆದು 5 ಮತ್ತು 3 ವಿಕೆಟ್ ಪಡೆದರು. ಲಾರ್ಡ್ಸ್‌ನ ಎರಡನೇ ಇನ್ನಿಂಗ್ಸ್‌ನಲ್ಲಿ 95ಕ್ಕೆ 5 ವಿಕೆಟ್ ಬಿದ್ದು ಬರೀ 9 ರನ್ ಮುನ್ನಡೆ ಇದ್ದಾಗ, ಡೇವಿಡ್ ಹಾಲ್ಫರ್ಡ್ ಜೊತೆ ಮುರಿಯದ 274 ರನ್ ಸೇರಿಸಿ ಪಂದ್ಯ ಉಳಿಸಿದರು.

ಪದ ಬಳಸುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಕೈ ಕಟ್ಟಿಹಾಕಿದರೆ ಇನ್ನೊಂದು ಕೈಯ ಬಲದಿಂದ ಈತ ತಂಡದಲ್ಲಿ ಉಳಿಯುತ್ತಾನೆಯೇ? ಬ್ಯಾಟಿಂಗ್ ಸರಾಸರಿ ಬೌಲಿಂಗ್ ಸರಾಸರಿಗಿಂತ ಮೇಲಿದೆಯೇ ಎಂದು ನೋಡುವುದು ಒರಟು ಅಳತೆಯಾದರೂ ದಾರಿ ತೋರಿಸುತ್ತದೆ. ಕಾರ್ಲ್ ಹೂಪರ್ ಅವರ ಬ್ಯಾಟಿಂಗ್ 36.46, ಬೌಲಿಂಗ್ 49.42. 102 ಟೆಸ್ಟ್‌ಗಳಲ್ಲಿ 114 ವಿಕೆಟ್ ಪಡೆದ ಅವರು ಬೌಲಿಂಗ್ ಬಲ್ಲ ಬ್ಯಾಟ್ಸ್‌ಮನ್. ಮಾಲ್ಕಮ್ ಮಾರ್ಷಲ್ 376 ವಿಕೆಟ್‌ಗಳ ಮಹಾ ಬೌಲರ್, ಹತ್ತು ಅರ್ಧಶತಕ ಹೊಡೆದವರು, ಟೆಸ್ಟ್ ಶತಕವಿಲ್ಲ: ಬ್ಯಾಟ್ ಹಿಡಿಯಬಲ್ಲ ಬೌಲರ್. ಹೀಗೆ ಬರೆದರೆ ಇಬ್ಬರ ಘನತೆಗೂ ಕುಂದಿಲ್ಲ. ಅರೆಕಾಲಿಕ ಬೌಲರ್, ಎಡಗೈ ಆಟಗಾರ, ಉಪಯುಕ್ತ ಆಟಗಾರ ಎಂಬ ಮಾತುಗಳು ಇರುವಾಗ ಅರ್ಜುನನ ಬಿರುದನ್ನು ಎಲ್ಲರಿಗೂ ತೊಡಿಸಬೇಕಿಲ್ಲ.

ಬರೆಯುವಾಗ ‘ಸವ್ಯಾಸಾಚಿ’ ಎಂದು ‘ವ್ಯ’ಕ್ಕೆ ದೀರ್ಘ ಕೊಡುವುದೂ ತಪ್ಪು. ದೀರ್ಘವಿರುವುದು ‘ಸಾ’ಗೆ ಮಾತ್ರ.