ಪದ ಪರಿಚಯ: ಡಿಸ್ಟ್ರೋ

ನಮ್ಮ ವಿಜಯಪುರದ ಯಾವ ಖಾನಾವಳಿಗೆ ಹೋದರೂ ಜೋಳದ ರೊಟ್ಟಿ ಇದ್ದೇ ಇರುತ್ತದೆ. ಪಲ್ಯ, ಹಿಂಡಿ, ಮೊಸರು ಮಾತ್ರ ಒಂದೊಂದು ಕಡೆ ಒಂದೊಂದು ಥರ. ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಲಿನಕ್ಸ್ ಕಥೆಯೂ ಹಾಗೇ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು ಬರೀ ಕರ್ನಲ್. ಪ್ರೊಸೆಸರ್, ಮೆಮೊರಿ, ವೈಫೈ ಚಿಪ್‌ಗಳಿಂದ ಕೆಲಸ ತೆಗೆಯುವ ಒಳಗಿನ ಭಾಗ ಅದು. ಬರೀ ರೊಟ್ಟಿಯಿಂದ ಊಟ ಆಗಲ್ಲ, ಅಲ್ವಾ? ಅದಕ್ಕೆ ಡೆಸ್ಕ್‌ಟಾಪ್, ಬ್ರೌಸರ್, ಅಪ್‌ಡೇಟ್ ತರುವ ಏರ್ಪಾಟು ಎಲ್ಲ ಸೇರಿಸಿ ಬಡಿಸಿದ ತಾಟಿನ ಹೆಸರೇ ಡಿಸ್ಟ್ರಿಬ್ಯೂಶನ್, ಬಾಯಿಮಾತಿನಲ್ಲಿ ಡಿಸ್ಟ್ರೋ. ಡೆಬಿಯನ್, ಅದರಿಂದ ಬಂದ ಉಬುಂಟು, ಉಬುಂಟುವಿನಿಂದ ಬಂದ ಮಿಂಟ್ ಎಲ್ಲವೂ ಡಿಸ್ಟ್ರೋಗಳೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಆಮೇಲೆ ಹಳೆ ಲ್ಯಾಪ್‌ಟಾಪ್ ಹಿಡಿದು ನನ್ನ ಬಳಿ ಬರುವವರು ಜಾಸ್ತಿ ಆಗಿದ್ದಾರೆ. "ಯಾವ ಡಿಸ್ಟ್ರೋ ಹಾಕಲಿ?" ಅಂತ ಕೇಳುತ್ತಾರೆ. ನಾನು ಮೊದಲು ಮಷೀನಿನ ವಯಸ್ಸು ಕೇಳುತ್ತೇನೆ.

ಹಳೆಯದಾದರೆ ಡೆಸ್ಕ್‌ಟಾಪ್ ಎಷ್ಟು ಹಗುರ ಅನ್ನುವುದನ್ನು ನೋಡಬೇಕು. 4 ಜಿಬಿ ರ‍್ಯಾಮ್ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪಿನ ಆವೃತ್ತಿ ಆರಾಮಾಗಿ ನಡೆಯುತ್ತದೆ. ಉಬುಂಟುವಿನ ಹಗುರ ರೂಪವಾದ ಲುಬುಂಟುವೂ ಆದೀತು. ಆದರೆ ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದು "ಲಿನಕ್ಸೂ ಸ್ಲೋ" ಅನ್ನಬೇಡಿ. ಮೆಮೊರಿ ನುಂಗುವುದು ಆ ಟ್ಯಾಬ್‌ಗಳು. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ, ಡಿಸ್ಟ್ರೋ ಬದಲಿಸಿದ್ದಕ್ಕಿಂತ ಜಾಸ್ತಿ ಫರಕು ಕಾಣುತ್ತದೆ.

ಹೊಸದಾದರೆ ಲೆಕ್ಕ ಉಲ್ಟಾ. ಅಲ್ಲಿ ಮೆಮೊರಿಯ ಚಿಂತೆ ಇಲ್ಲ, ಕರ್ನಲ್ ಹೊಸದಿರಬೇಕು. ಹೆಚ್ಚಿನ ಡ್ರೈವರ್‌ಗಳು, ಅಂದರೆ ಒಂದೊಂದು ಚಿಪ್ ನಡೆಸುವ ತಂತ್ರಾಂಶಗಳು, ಕರ್ನಲ್ ಜೊತೆಗೇ ಬರುತ್ತವೆ. ಕರ್ನಲ್ ಬಂದ ಮೇಲೆ ಹುಟ್ಟಿದ ವೈಫೈ ಚಿಪ್ಪಿನ ಪರಿಚಯ ಅದಕ್ಕೆ ಹೇಗೆ ಇರಬೇಕು? ಸರಿಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುವ ಫೆಡೋರಾ, ಇಲ್ಲವೇ ಉಬುಂಟುವಿನ ತೀರಾ ಈಚಿನ ಆವೃತ್ತಿ ಇಲ್ಲಿ ಒಳ್ಳೆಯದು.

ಎರಡರಲ್ಲೂ ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ, ಓಡಿಸಿ. ಡಿಸ್ಕಿಗೆ ಏನೂ ಆಗಲ್ಲ. ವೈಫೈ, ಸೌಂಡ್, ಟಚ್‌ಪ್ಯಾಡ್ ನೋಡಿಕೊಳ್ಳಿ. 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಕೈ ಪಳಗಿದವರು ಕೀಬೋರ್ಡ್ ಪಟ್ಟಿಯಲ್ಲಿ ಕಗಪ (KaGaPa) ಅನ್ನುವ ಕೀಲಿ ಜೋಡಣೆ ಹುಡುಕಿ. ಸುಮ್ನೆ ಆರಿಸಿಕೊಂಡರೆ ಸಾಕು.