ಪೆಟ್ಟಿಗೆಯ ಜೊತೆ ನೀವು ಹೋಗುವುದಿಲ್ಲ

ಬೋರ್ಡ್ ಗೇಮ್ ಮಾಡಿಕೊಂಡು ಬರುವವರು ಅದನ್ನು ಮೇಜಿನ ಮೇಲೆ ಹರವಿದ ಕೂಡಲೇ ಮಾತಿಗೆ ತೊಡಗುತ್ತಾರೆ. "ಒಂದೇ ನಿಮಿಷ, ಹೇಳಿಬಿಡ್ತೀನಿ" ಅಂತ ಶುರುವಾದದ್ದು ಇಪ್ಪತ್ತು ನಿಮಿಷ ನಡೆಯುತ್ತದೆ. ಆಟದ ನಡುವೆಯೂ ಬಿಡುವುದಿಲ್ಲ: "ಆ ಕಾರ್ಡ್ ಈಗ್ಲೇ ಬೇಡ, ಇಟ್ಕೊಳ್ಳಿ." ಕೊನೆಗೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಪಾಸಾದದ್ದು ನಿಮ್ಮ ಮಾತುಗಾರಿಕೆ; ಆಟಕ್ಕಿನ್ನೂ ಪರೀಕ್ಷೆಯೇ ಆಗಿಲ್ಲ.

ಚೌಕಾಬಾರವನ್ನೇ ನೋಡಿ. ಐದೈದು ಮನೆಯ ಪಟ, ನಾಲ್ಕು ಕವಡೆ. ಒಬ್ಬರ ಮನೆಯಲ್ಲಿ ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಬಿಡುವುದಿಲ್ಲ, ಪಕ್ಕದ ಮನೆಯಲ್ಲಿ ಬಿಡುತ್ತಾರೆ. ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಗರ. ಹಾಗೆ ಎಷ್ಟು ಸಲ ಎಂಬುದಕ್ಕೆ ಜಗಳ. ನಿಯಮ ಬರೆದಿಡದೆಯೂ ಆಟ ನಡೆದುಬಂತು, ಯಾಕೆಂದರೆ ತೀರ್ಪು ಹೇಳಲು ಪಕ್ಕದಲ್ಲಿ ಅಜ್ಜಿ ಕೂತಿರುತ್ತಿದ್ದಳು. ನಿಮ್ಮ ಪೆಟ್ಟಿಗೆಯಲ್ಲಿ ಅಜ್ಜಿಯನ್ನು ಹಾಕಿ ಕಳಿಸಲಾಗುವುದಿಲ್ಲ. ನಿಯಮದ ಹಾಳೆಯೇ ಆ ಕೆಲಸ ಮಾಡಬೇಕು.

ಆದ್ದರಿಂದ ಆಟವನ್ನು ಹಿಂದೆಂದೂ ನೋಡದ ನಾಲ್ವರನ್ನು ಕೂರಿಸಿ, ಮುಚ್ಚಿದ ಪೆಟ್ಟಿಗೆ ಕೊಡಿ, ನೀವು ಹಿಂದಿನ ಕುರ್ಚಿಗೆ ಹೋಗಿ ಸುಮ್ಮನೆ ಕೂರಿ. ಪ್ರಶ್ನೆ ಕೇಳಿದರೆ "ಹಾಳೆ ನೋಡಿ" ಎಂದಷ್ಟೇ ಹೇಳಿ. ತಪ್ಪಾಗಿ ಆಡುತ್ತಿದ್ದರೆ ಆಡಲಿ. ಇದು ನಿಜಕ್ಕೂ ಕಷ್ಟ, ಕೈ ಕಟ್ಟಿಕೊಂಡು ಕೂರಬೇಕಾಗುತ್ತದೆ. ಮೊದಲ ನಡೆಗೆ ಎಷ್ಟು ನಿಮಿಷ ಹಿಡಿಯಿತು, ಹಾಳೆಯ ಯಾವ ಸಾಲಿಗೆ ಮತ್ತೆ ಮತ್ತೆ ಬಂದರು, ವಾದ ಎಲ್ಲಿ ಹುಟ್ಟಿತು, ಯಾರು ಯಾವಾಗ ಫೋನ್ ತೆಗೆದರು: ಇವನ್ನು ಗಡಿಯಾರದ ಸಮಯದೊಂದಿಗೆ ಬರೆದುಕೊಳ್ಳಿ. ಆಟ ಮುಗಿದ ಮೇಲೆ "ಹೇಗಿತ್ತು?" ಎಂದು ಕೇಳಬೇಡಿ, ನಮ್ಮ ಜನ ಮುಖ ನೋಡಿ ಒಳ್ಳೆಯದನ್ನೇ ಹೇಳುತ್ತಾರೆ. "ಯಾವ ಸರದಿಯಲ್ಲಿ ಮಾಡಲು ಏನೂ ಇರಲಿಲ್ಲ?" ಎಂದು ಕೇಳಿ.

ನೀವು ಬಾಯಿ ಹಾಕಿದರೆ ಏನು ಮರೆಯಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ನಾಲ್ಕು ಕವಡೆಯ ಆಟದಲ್ಲಿ ನಾಲ್ಕು ಅಥವಾ ಎಂಟು ಬಿದ್ದರೆ ಮಾತ್ರ ಕಾಯಿ ಹೊರಡಬೇಕು ಎಂದು ಬರೆದಿರಿ ಅನ್ನಿ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16 ಬಗೆಯಲ್ಲಿ ಎರಡು ಮಾತ್ರ (ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು) ಅನುಕೂಲ, ಅಂದರೆ ಎಂಟಕ್ಕೆ ಒಂದು. ಐದು ಗರ ಹಾಕಿದ ಮೇಲೂ ಹೆಚ್ಚುಕಡಿಮೆ ಅರ್ಧ ಜನ ಹೊರಗೇ ಕೂತಿರುತ್ತಾರೆ. ನೀವು ಪಕ್ಕದಲ್ಲಿದ್ದರೆ "ಪರವಾಗಿಲ್ಲ, ಇನ್ನೊಂದ್ಸಲ ಹಾಕಿ" ಎಂದು ದಾಟಿಸಿಬಿಡುತ್ತೀರಿ. ರೋಗ ಕಾಣಿಸುವುದೇ ಇಲ್ಲ. ನಿಜವಾದ ಕವಡೆ ಅಷ್ಟು ಸಮನಾಗಿ ಬೀಳಲಿಕ್ಕಿಲ್ಲ. ನಿಮ್ಮ ಕವಡೆಗಳನ್ನು 200 ಸಲ ಹಾಕಿ ಬರೆದಿಟ್ಟುಕೊಳ್ಳುವುದು ಲೇಸು.

ಕೆಲವರು ಹೊರಗಿನವರಿಗೆ ಆಟ ತೋರಿಸುವುದೇ ಇಲ್ಲ, ಐಡಿಯಾ ಕದಿಯುತ್ತಾರೆ ಅಂತ. 1970ರ ಪೇಟೆಂಟ್ ಕಾಯ್ದೆಯ 3ನೇ ಕಲಂ ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ಕಾಪಿರೈಟ್ ಸಿಗುವುದು ನಿಮ್ಮ ಬರಹಕ್ಕೆ, ಚಿತ್ರಗಳಿಗೆ. ಹೆಚ್ಚಿನದಕ್ಕೆ ವಕೀಲರನ್ನು ಕೇಳಿ. ಆದರೆ ಅರ್ಧ ಬೆಂದ ಆಟವನ್ನು ಕದಿಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಪರೀಕ್ಷೆಯ ಪ್ರತಿಗೆ ದುಡ್ಡು ಸುರಿಯಬೇಡಿ. 63×88 ಮಿ.ಮೀ. ಅಳತೆಯ ಕಾರ್ಡು ಒಂದು ಎ4 ಹಾಳೆಯಲ್ಲಿ ಒಂಬತ್ತು ಹಿಡಿಯುತ್ತದೆ. ಕತ್ತರಿಸಿ, ಹಳೆಯ ಇಸ್ಪೀಟು ಎಲೆಯ ಜೊತೆ ಪ್ಲಾಸ್ಟಿಕ್ ಕವರಿಗೆ ತೂರಿಸಿ. ಕಾಯಿಗೆ ಗುಂಡಿ, ಹುಣಸೆಬೀಜ ಸಾಕು. ಲ್ಯಾಮಿನೇಟ್ ಮಾಡಿಸಿದರೆ ಪೆನ್ನಿಂದ ತಿದ್ದಲು ನಿಮಗೇ ಮನಸ್ಸು ಬರುವುದಿಲ್ಲ. ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ, ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ಹಾಳೆ ತಿದ್ದಿದ ಮೇಲೆ ಅದೇ ನಾಲ್ವರನ್ನು ಕರೆಯಬೇಡಿ, ಅವರಿಗೆ ಹಳೆಯ ನಿಯಮ ಬಾಯಿಪಾಠವಾಗಿರುತ್ತದೆ. ಹೊಸಬರ ಮೂರು ಗುಂಪು ನಿಮ್ಮ ಮುಖ ನೋಡದೆ ಸರಿಯಾಗಿ ಆಡಿ ಮುಗಿಸಲಿ. ಚಿತ್ರಕಾರರಿಗೆ ಮುಂಗಡ ಕೊಡುವುದು ಆಮೇಲೆ.